ಗಿರಿಜಾಳ ಮೂರು ಸುತ್ತು

ಧೈರ್ಯವಂತ ಎಂದು ನನ್ನನ್ನು ಯಾರೂ ಕರೆದಿಲ್ಲ. ಕರೆದಿದ್ದರೆ ನಾನೇ ತಿದ್ದುತ್ತಿದ್ದೆ. ಆದರೂ ಹೆಂಡತಿ ನಿಂತಲ್ಲೇ ತಿರುಗಿದರೆ ಗಂಡನ ಜೀವ ಬಾಯಿಗೆ ಬರಬಹುದೆಂದು ಆ ಶುಕ್ರವಾರದವರೆಗೆ ನನಗೂ ತಿಳಿದಿರಲಿಲ್ಲ. ದೊಡ್ಡನೆಕ್ಕುಂದಿಯ ನಮ್ಮ ಅಮ್ಮನ ಗುಡಿಯಲ್ಲಿ ಮಂಗಳಾರತಿಯಾಯಿತು. ನನ್ನ ಹೆಂಡತಿ ಗಿರಿಜಾ ಎಂದಿನಂತೆ ಕೈಮುಗಿದು, ಆತ್ಮಪ್ರದಕ್ಷಿಣೆಗೆಂದು ಮೂರು ಸುತ್ತು ತಿರುಗತೊಡಗಿದಳು. ಎರಡನೆಯದಕ್ಕೇ ತೂರಾಡುತ್ತ ಬೀದಿಯ ಕಡೆಯ ಮೆಟ್ಟಿಲಿಗೆ ಬಂದುಬಿಟ್ಟಳು. ಕೆಳಗೆ ನೀರಿನ ಟ್ಯಾಂಕರು ಹಿಂದಕ್ಕೆ ಬರುತ್ತಿತ್ತು. ನಾನು ಗಂಡಸರ ಸಾಲಿನಲ್ಲಿದ್ದೆ, ನಡುವೆ ಇಡೀ ಊರಿತ್ತು. ಈಗಲೂ ಹಲ್ಲುಜ್ಜುವಾಗ ಕಣ್ಣ ಮುಂದೆ ಆ ಟ್ಯಾಂಕರು ಹಿಂದಕ್ಕೆ ಬರುತ್ತದೆ.

ಪುಣ್ಯಕ್ಕೆ ಹೂ ಮಾರುವ ಮುನಿಯಮ್ಮ ಅವಳ ಸೊಂಟ ತಬ್ಬಿ ಹಿಡಿದರು. ಹಿಡಿದದ್ದು ಸರಿ, ಆಮೇಲೆ ಬಿಡಲಿಲ್ಲ. "ಅಮ್ಮ ಮೈಮೇಲೆ ಬಂದವ್ಳೆ, ನಿಂಬೆಹಣ್ಣು ತನ್ರಪ್ಪಾ. ನನ್ ಮಗಳ ಮದುವೆ ಯಾವಾಗ ತಾಯಿ?"

"ನೀರು... ನೀರು" ಎಂದಳು ಗಿರಿಜಾ.

"ಕೆರೆ ದಿಕ್ಕಿನ ಗಂಡಂತೆ" ಎಂದು ಮುನಿಯಮ್ಮ ಎಲ್ಲರಿಗೂ ಅರ್ಥ ಬಿಡಿಸಿ ಹೇಳಿದರು.

ಒಳಗಿವಿಯ ಸಮತೋಲ ಕೆಟ್ಟಿದೆ ಎಂದ ಡಾಕ್ಟರು ಹಲಸೂರಿನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕಳುಹಿಸಿದರು. ಮಲಗಿಸಿ ಶಾಖ ಕೊಡುತ್ತಾರೆಂದು ನಾನು ತಿಳಿದಿದ್ದೆ. ಅಲ್ಲಿನ ಥೆರಪಿಸ್ಟ್ ಷೀಲಾ, ಹೆಬ್ಬೆರಳು ದಿಟ್ಟಿಸುತ್ತ ತಲೆಯನ್ನು ಆ ಕಡೆ ಈ ಕಡೆ ಆಡಿಸಲು ಹೇಳಿದಳು. ತಲೆ ತಿರುಗುವವಳ ತಲೆಯನ್ನು ತಿರುಗಿಸುವುದೇ ಚಿಕಿತ್ಸೆ. "ಸ್ವಲ್ಪ ಸುತ್ತಲಿ ಅಂಕಲ್, ಆಗ್ಲೇ ಮಿದುಳು ಕಲಿಯೋದು. ನೀವು ಕೈ ಬಿಡಿ." ನಾನು ಬಿಡಲಿಲ್ಲ.

"ನಿಮಗೆ ಮತ್ತೆ ಏನ್ ಮಾಡೋಕಾಗ್ಬೇಕು ಆಂಟಿ?"

"ಅಮ್ಮನ ಮುಂದೆ ಮೂರು ಸುತ್ತು. ಯಾರೂ ಹಿಡ್ಕೋಬಾರ್ದು."

"ಕೂತೇ ಕೈ ಮುಗಿ. ಅಮ್ಮ ಬೇಡ ಅಂತಾಳಾ?" ಎಂದೆ.

"ಈಗ ಅಮ್ಮನ ಮುಂದೆ ಕೂತರೆ, ನಾಳೆ ಬಾಗಿಲಾಚೆ ಹೋಗೋಕೂ ನೀವೇ ಬರ್ಬೇಕಾಗುತ್ತೆ. ಹಾಗೆ ಬದುಕೋಕೆ ನನ್ನಿಂದಾಗಲ್ಲ ರೀ."

ಮನೆಯಲ್ಲಿ ಅವಳು ಅಭ್ಯಾಸ ಶುರುಮಾಡಿದಾಗ, ಬಿದ್ದರೆ ಪೆಟ್ಟಾಗದಿರಲೆಂದು ದಿಂಬುಗಳನ್ನೆಲ್ಲ ನೆಲಕ್ಕೆ ಹಾಸಿದೆ. ಅವಳು ಬೀಳಲಿಲ್ಲ. ದಿಂಬು ಎಡವಿ ನಾನು ಬಿದ್ದೆ.

ವಾರಗಳು ಕಳೆದ ಮೇಲೆ ಷೀಲಾ ಮೂರು ಸುತ್ತಿಗೆ ಒಪ್ಪಿಗೆ ಕೊಟ್ಟಳು. ಆ ದಿನ ಗುಡಿಯಲ್ಲಿ ನಾನು ಗಂಡಸರ ಸಾಲು ಬಿಟ್ಟು ಹೆಂಗಸರ ನಡುವೆ ನುಗ್ಗಿ ನಿಂತೆ. ಗಿರಿಜಾ ಅಮ್ಮನ ಮೂಗುಬೊಟ್ಟು ದಿಟ್ಟಿಸಿ, ನಿಧಾನವಾಗಿ ತಿರುಗಿದಳು. ಒಂದು. ಎರಡು. ಅವಳು ಯಾವ ಕಡೆ ವಾಲಿದರೂ ಸಿಗಲೆಂದು ನಾನು ಕೈ ಚಾಚಿಕೊಂಡು ಅವಳ ಸುತ್ತ ಸುತ್ತುತ್ತಿದ್ದೆ. ಮೂರು. ಅವಳು ನೆಟ್ಟಗೆ ನಿಂತಳು. ನನಗೆ ಮಾತ್ರ ಅಮ್ಮ ಬಲಕ್ಕೂ ಪೂಜಾರಿ ಎಡಕ್ಕೂ ಸರಿದಂತಾಯಿತು. ಗಿರಿಜಾ ನನ್ನ ಮೊಣಕೈ ಹಿಡಿದು, "ರೀ, ನೆಲ ನೋಡ್ಬೇಡಿ" ಎಂದಳು.

ಮನೆಯವರೆಗೂ ಅವಳೇ ಕೈಹಿಡಿದು ನಡೆಸಿದಳು. ದಾರಿಯಲ್ಲಿ ಎದುರಾದ ಪಕ್ಕದ ಮನೆಯಾಕೆ, "ಯಜಮಾನ್ರು ಎಷ್ಟ್ ಚೆನ್ನಾಗಿ ನೋಡ್ಕೋತಾರೆ, ಕೈ ಬಿಡೋದೇ ಇಲ್ಲ" ಎಂದು ಮೆಚ್ಚಿಕೊಂಡರು. ಅಲ್ಲವೆಂದು ತಲೆಯಾಡಿಸಬೇಕಿತ್ತು. ತಲೆಯಾಡಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.