ದುಂಡಪ್ಪ ಕಾಕಾನ ಸ್ವರಬೊಟ್ಟು

“ಕೀಬೋರ್ಡ್ ಯಾಕ ಬೇಕು? ಒಗೀ ಅತ್ಲಾಗ!” ಎಂದರು ದುಂಡಪ್ಪ ಕಾಕಾ.

ಒಗೆಯಲು ನನ್ನ ಬಳಿ ಸಂಗೀತದ ಕೀಬೋರ್ಡ್ ಇರಲೇ ಇಲ್ಲ. ಕೊಳ್ಳಬೇಕೋ ಬೇಡವೋ ಎಂದು ಕೇಳಲು, ನನ್ನ ಮಡಚುವ ಕಂಪ್ಯೂಟರನ್ನು ಕಂಕುಳಲ್ಲಿ ಹಿಡಿದು ಅವರ ಮನೆಗೆ ಹೋಗಿದ್ದೆ. ಕಾಕಾ ನಮ್ಮ ಪಕ್ಕದ ಮನೆಯವರು. ಫ್ಯಾನ್ ಮೋಟಾರಿಗೆ ತಂತಿ ಸುತ್ತುವುದು ಅವರ ಕಸುಬು, ಯಂತ್ರ ಕಂಡುಹಿಡಿಯುವುದು ಚಟ.

ನಾನು ಸಂಜೆ ತರಗತಿಯಲ್ಲಿ ಕಂಪ್ಯೂಟರಿನಲ್ಲಿ ಹಾಡು ಕಟ್ಟಲು ಕಲಿತವಳು. ಮುಂದಿನ ಸೋಮವಾರ ತಮ್ಮ ಈರಣ್ಣನ ಮಗಳಿಗೆ ಹೆಸರಿಡುವ ಕಾರ್ಯವಿತ್ತು. ಸೋದರತ್ತೆಯಾದ ನಾನೇ ಹೆಸರಿಡಬೇಕು. ಅಷ್ಟಕ್ಕೆ ಸುಮ್ಮನಿರದೆ, ಜೋಗುಳವನ್ನೂ ನಾನೇ ಕಂಪ್ಯೂಟರಿನಲ್ಲಿ ಕಟ್ಟುತ್ತೇನೆ ಎಂದು ಬೀಗರೆಲ್ಲರ ಎದುರು ಹೇಳಿಬಿಟ್ಟಿದ್ದೆ! ಮೌಸ್ ಹಿಡಿದು ಒಂದೊಂದೇ ಸ್ವರ ಇಡುತ್ತ ಮೂರು ಸಾಲು ಮುಗಿಸಿದ್ದೆ. ನಾಲ್ಕನೆಯದು ಬರುತ್ತಲೇ ಇರಲಿಲ್ಲ. ನನ್ನ ಕಿವಿಯೇ ಸರಿಯಿಲ್ಲವೇನೋ ಎಂಬ ಅನುಮಾನ ಶುರುವಾಗಿತ್ತು.

“ಹೊಸಬರಿಗೆ ಸಣ್ಣದೊಂದು ಕೀಬೋರ್ಡ್ ಇದ್ರ ಬೆರಳಿಗೆ ಹಾದಿ ಸಿಗತೈತಿ ಅಂದ್ರು ನಮ್ಮ ಮಾಸ್ತರು.”

“ನಿಮ್ಮ ಮಾಸ್ತರಗ ಏನ್ ಗೊತ್ತೈತಿ? ನೋಡಿಲ್ಲೆ!”

ಕಾಕಾ ಡಬ್ಬಿಯಿಂದ ಹಣೆಬೊಟ್ಟಿನಂಥ ಚುಕ್ಕೆಗಳನ್ನು ತೆಗೆದು ಲೋಟಕ್ಕೊಂದು, ತಟ್ಟೆಗೊಂದು, ತಮ್ಮ ಬೋಳುತಲೆಗೊಂದು ಅಂಟಿಸಿದರು. ಲೋಟ ಮುಟ್ಟಿದರೆ ಕಂಪ್ಯೂಟರಿನಿಂದ ‘ಸಾ’ ಬಂತು! ತಟ್ಟೆಯಿಂದ ‘ರೀ’. ತಲೆ ತಟ್ಟಿಕೊಂಡರೆ ಖಣಖಣ ‘ಪಾ’!

“ಸ್ವರಬೊಟ್ಟು ಅಂತಾರ ಇದಕ್ಕ! ಎಲ್ಲಿ ಹಚ್ಚತೀಯೋ ಅದ ಕೀಬೋರ್ಡ್. ಇದರ ಅಂಟಿಗೆ ಬುದ್ಧಿ ಐತವ್ವಾ. ನೀ ಬಾರಿಸಿದ್ದು ನೆನಪಿಟ್ಕೊಂಡು ಮುಂದಿಂದು ತಾನ ಕಲೀತೈತಿ.”

“ಕಿತ್ರ ಬರತಾವ, ಕಾಕಾ?”

“ಕೀಳೂದ್ಯಾಕ?” ಎಂದರು ಅವರು, ನಿಜವಾಗಿಯೂ ಆಶ್ಚರ್ಯಪಟ್ಟು.

ಅಡುಗೆಮನೆಯ ಸ್ಟೀಲ್ ಡಬ್ಬಿಗಳಿಗೆ ಬೊಟ್ಟು ಹಚ್ಚಿ ಎರಡು ದಿನ ಅಭ್ಯಾಸ ಮಾಡಿದೆ. ಮೂರು ಸಾಲು ಸರಾಗವಾಗಿ ಬಂದವು. ಡಬ್ಬಿ ತೊಳೆಯೋಣವೆಂದು ಬೊಟ್ಟು ಕಿತ್ತಾಗ ಬೊಟ್ಟು ಬಂತು, ಅಂಟು ಬರಲಿಲ್ಲ. ಅಂಟು ನನ್ನ ಕೈಗೆ ಬಂತು. ಕೈಯಿಂದ ಚಿಲಕಕ್ಕೆ, ಕುಕ್ಕರಿಗೆ, ಯಜಮಾನರ ಕನ್ನಡಕಕ್ಕೆ ಹೋಯಿತು.

“ನೀಲಾ! ಕನ್ನಡಕ ಏರಿಸಿದ್ರ ‘ನೀ’ ಅಂತೈತಿ, ಇಳಿಸಿದ್ರ ‘ಗಾ’ ಅಂತೈತಿ! ನಾ ಪೇಪರ್ ಓದ್ಲೋ, ಕಚೇರಿ ಮಾಡ್ಲೋ?”

“ಅಲುಗಾಡದ ಓದ್ರಿ.”

“ಆ ಕಂಪ್ಯೂಟರ್ ಆರಿಸಬಾರದೇನ?”

“ಆರಿಸಿದ್ರ ಅಂಟು ಕಲಿತದ್ದೆಲ್ಲಾ ಮರೀತೈತಂತ್ರೀ!”

ಅಷ್ಟರಲ್ಲಿ ಬೆಕ್ಕು ನನ್ನ ಕೈಗೆ ಮೈ ತಿಕ್ಕಿ ಹೋಯಿತು. ಆಮೇಲೆ ಅದು ಗೋಡೆಯ ಮೇಲೆ ಕುಳಿತು ಮೈ ನೆಕ್ಕಿಕೊಂಡಷ್ಟು ಹೊತ್ತೂ ನಮ್ಮ ಪಡಸಾಲೆಯಲ್ಲಿ ಆಲಾಪ!

ನನಗೆ ನಾಚಿಕೆಯಾಯಿತು. ಊರಿಗೆಲ್ಲ ಅಂಟು ಹಚ್ಚಿದವಳು ನಾನೇ ತಾನೆ? ಬಿಸಿನೀರಿಗೆ ಸೀಗೆಪುಡಿ ಹಾಕಿ, ಚಿಲಕ, ಕುಕ್ಕರು, ಕನ್ನಡಕ, ಕೊನೆಗೆ ಬೆಕ್ಕನ್ನೂ ಒರೆಸಿದೆ. ಎಲ್ಲವೂ ಮೌನವಾದವು. ಒರೆಸಿದ ಅರಿವೆಯನ್ನು ಬಕೆಟ್ಟಿಗೆ ಹಾಕಿದೆ. ಸೋಮವಾರಕ್ಕೆಂದು ತೆಗೆದಿಟ್ಟಿದ್ದ ಕುಪ್ಪಸವೂ ಅದೇ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ನೀರು ದಂಡವಾಗಬಾರದೆಂದು ನಾನು ಯಾವಾಗಲೂ ಹಾಗೆಯೇ ಮಾಡುವುದು.

ಸೋಮವಾರ ಕಂಪ್ಯೂಟರನ್ನು ಆರಿಸದೆಯೇ ಈರಣ್ಣನ ಮನೆಗೆ ಹೊತ್ತು ತಂದು ತೊಟ್ಟಿಲ ಪಕ್ಕ ಇಟ್ಟು ಜೋಗುಳ ಹಚ್ಚಿದೆ. ಮಗು ಒಂದೇ ಸಮನೆ ಅಳುತ್ತಿತ್ತು. ಈರಣ್ಣನ ಅತ್ತೆ ಶಾಂತವ್ವ ಮೂರು ಸಾಲು ಕೇಳಿ, ನಾಲ್ಕನೆಯದಕ್ಕೆ ಕಾದು, ಸೆರಗು ಸರಿಮಾಡಿಕೊಂಡರು.

“ಮೂರ ಸಾಲಿನ ಜೋಗುಳಕ್ಕ ಮಗು ಮುಕ್ಕಾಲು ನಿದ್ದಿ ಮಾಡತೈತೇನ್, ನೀಲಕ್ಕ?”

ಹೆಂಗಸರೆಲ್ಲ ನಕ್ಕರು. ನಾನು ತಲೆ ತಗ್ಗಿಸಿ ತೊಟ್ಟಿಲ ಮೇಲೆ ಬಾಗಿ, ಮಗುವಿನ ಕಿವಿಯಲ್ಲಿ “ಕುರ್ರ್... ಭುವನಾ” ಎಂದೆ. ಹೆಸರು ಹೇಳುತ್ತಿದ್ದಂತೆ ಸೋದರತ್ತೆಯ ಬೆನ್ನಿಗೆ ಎಲ್ಲರೂ ಗುದ್ದುವುದು ನಮ್ಮ ಕಡೆಯ ಪದ್ಧತಿ. ಮೊದಲ ಗುದ್ದು ಶಾಂತವ್ವನದು.

‘ಸಾ!’ ಎಂದಿತು ಕಂಪ್ಯೂಟರು.

ಎತ್ತಿದ ಕೈಗಳೆಲ್ಲ ಅಲ್ಲೇ ನಿಂತವು. ಶಾಂತವ್ವ ಅನುಮಾನದಿಂದ ಇನ್ನೊಂದು ಗುದ್ದಿದರು. ‘ಪಾ!’

“ಅಯ್ಯ ಇಕಿ! ಬೆನ್ನಾಗ ಬಾಜಾಪೇಟಿ ಇಟ್ಕೊಂಡು ಬಂದಾಳಲ್ಲಽ!”

ಆಮೇಲೆ ಕೇಳಬೇಕೆ! ಎಲ್ಲರ ಕೈಗಳೂ ಬಿದ್ದವು. ಯಾರು ಎಲ್ಲಿ ಗುದ್ದಿದರೂ ಕುಪ್ಪಸಕ್ಕೆ ಹತ್ತಿದ್ದ ಅಂಟು ತನಗೆ ಬೇಕಾದ ಸ್ವರವನ್ನೇ ಆರಿಸಿಕೊಂಡು ಹಾಡಿತು. ಮೊದಲ ಸಾಲು, ಎರಡನೆಯದು, ಮೂರನೆಯದು. ಆಮೇಲೆ ನಾನು ಎಷ್ಟು ಹುಡುಕಿದರೂ ಸಿಗದ ನಾಲ್ಕನೆಯ ಸಾಲು, ಮೆಲ್ಲಗೆ ಇಳಿದು ಬಂದು ‘ಸಾ’ದಲ್ಲಿ ನಿಂತಿತು. ಮಗು ಅಳು ನಿಲ್ಲಿಸಿ, ಆಕಳಿಸಿ, ಕಣ್ಣು ಮುಚ್ಚಿತು. ನನ್ನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೋ ಗುದ್ದಿಗೋ ನನಗೂ ಖಚಿತವಿಲ್ಲ.

“ನಾ ಹೇಳಿರಲಿಲ್ಲೇನು? ಕೀಬೋರ್ಡ್ ಬೇಕಾಗಿಲ್ಲ!” ಎಂದು ಕಾರ್ಯಕ್ಕೆ ಬಂದಿದ್ದ ಕಾಕಾ ಬಾಗಿಲಲ್ಲಿ ನಿಂತು ಕೂಗಿದರು.

ಕುಪ್ಪಸವನ್ನು ಆಮೇಲೆ ಬಿಸಾಡಿದೆ. ಆದರೆ ಬೆವರಿಗೆ ಅಂಟು ಮೈಗೇ ಇಳಿದಿದೆಯಂತೆ, ಸೀಗೆಪುಡಿಗೂ ಜಗ್ಗುವುದಿಲ್ಲ. ಈಗ ಭುವನಾ ಬೇರೆ ಯಾವ ಹಾಡಿಗೂ ಮಲಗುವುದಿಲ್ಲ. ಮಧ್ಯಾಹ್ನವಾದರೆ ಶಾಂತವ್ವ ನನ್ನನ್ನು ಕರೆಸಿ, ಬೆನ್ನು ತಿರುಗಿಸಿ ಕೂರಿಸುತ್ತಾರೆ. ಕೈ ಪಳಗಿದೆ. ಗಮಕ ಕೂಡ ಹಾಕುತ್ತಾರೆ.

ನಿನ್ನೆ ಪೇಟೆಗೆ ಹೋಗಿ ಕೀಬೋರ್ಡ್ ಕೊಂಡು ತಂದೆ. ನುಡಿಸಲು ನನಗೆ ಬರುವುದಿಲ್ಲ. ಗುದ್ದುವವರಿಗೆ ಬೇರೊಂದು ವಸ್ತು ಇರಲಿ ಎಂದಷ್ಟೇ.