ಇಬ್ಬರ ಗಾಳಿ

ಎಣಿಸುವುದು ಮತ್ತು ಎಣಿಸಿದ್ದನ್ನು ಬರೆದಿಡುವುದು ನನ್ನ ದುರಭ್ಯಾಸ. ಉಳಿದವರು ದಿನಚರಿಯಲ್ಲಿ ಮನಸ್ಸಿನ ಮಾತು ಬರೆಯುತ್ತಾರಂತೆ. ನನ್ನದರಲ್ಲಿ ತಾರೀಖು, ವಾರ, ಅದರ ಮುಂದೆ ಹಾಲಿನವನು ಎಷ್ಟು ಹೊತ್ತಿಗೆ ಬಂದ, ಕರೆಂಟು ಎಷ್ಟು ಸಲ ಹೋಯಿತು, ನಮ್ಮ ಪ್ರಾಂಶುಪಾಲರು ಒಂದೇ ಜೋಕನ್ನು ಎಷ್ಟನೆಯ ಬಾರಿ ಹೇಳಿದರು ಎಂಬ ವಿವರಗಳಿವೆ. ಆ ಜೋಕು ಸದ್ಯ ಹದಿನೇಳಕ್ಕೆ ಬಂದು ನಿಂತಿದೆ. ನಾನು ಸವಣೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅಳೆಯದೆ ಮಾತಾಡುವವರನ್ನು ಕಂಡರೆ ನನಗೆ ಮೊದಲು ಮರುಕ, ಆಮೇಲೆ ಸಿಟ್ಟು. ನನ್ನ ದುರ್ದೈವಕ್ಕೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಲ್ಲಿ ಕಾರಿನ ಟೈರಿನ ಗಾಳಿಯ ಬಗ್ಗೆ ಬಾಯಿ ತೆರೆಯುವವರೆಲ್ಲ ಅಳೆಯದೆಯೇ ತೆರೆಯುವವರು. ಅವರ ಮೇಲೆ ಸೇಡು ತೀರಿಸಿಕೊಳ್ಳಲೆಂದೇ ಇದನ್ನು ಬರೆಯಲು ಕೂತೆ. ಅದು ಯಾರ ತಲೆಯ ಮೇಲೆ ಹೋಗಿ ಬಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಕಾರು ನನ್ನದು, ಹಳೆಯದು. ಶಿಗ್ಗಾಂವಿಯ ಮನೆಯಿಂದ ಕಾಲೇಜಿಗೆ ಹೋಗಿಬರಲು ಕೊಂಡದ್ದು. ನಾನೊಬ್ಬಳೇ ಓಡಾಡುವವರೆಗೆ ಟೈರುಗಳ ಮೇಲೆ ನನಗೂ ಅಂಥ ಭಕ್ತಿಯೇನೂ ಇರಲಿಲ್ಲ. ಒಂದು ದಿನ ಹಿರೇಕೆರೂರಿನಿಂದ ಸೋದರಮಾವ ಫೋನು ಮಾಡಿ, ಮದುವೆಯಾದ ಹನ್ನೊಂದನೆಯ ವರ್ಷಕ್ಕೆ ತನಗೆ ಮಗಳು ಹುಟ್ಟಿದಳೆಂದು ಹೇಳಿದ. ಅವ್ವ ಫೋನು ಕಿವಿಗೆ ಹಿಡಿದುಕೊಂಡೇ ಅತ್ತಳು. ಮಾವನಿಗೆ ಅವಳೊಬ್ಬಳೇ ಒಡಹುಟ್ಟಿದ ಅಕ್ಕ, ಕೂಸಿಗೆ ಅವಳೊಬ್ಬಳೇ ಸೋದರತ್ತೆ. ಐದನೆಯ ತಿಂಗಳಲ್ಲಿ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಆದರೆ ಅವ್ವನ ಬೆನ್ನಿನ ಡಿಸ್ಕು ಜರುಗಿ ಒಂದೂವರೆ ವರ್ಷ. ಅಂದಿನಿಂದ ಅವಳು ತವರಿಗೆ ಹೋಗಿರಲಿಲ್ಲ. ಬಸ್ಸಿಗೆ ಹೋದರೆ ಎರಡು ಕಡೆ ಇಳಿದು ಹತ್ತಬೇಕು. ಕಾರಿದೆಯಲ್ಲ ಎಂದೆ ನಾನು.

“ನಿನ್ನ ಗಾಡ್ಯಾಗ ಹೋದ್ರ ನಾ ಅಲ್ಲಿ ಕೂಸಿನ ಹೆಸರ ಕೂಗೂದಿಲ್ಲವಾ, ಯವ್ವಾ ಸತ್ನೆವ್ವಾ ಅಂತ ಕೂಗ್ತೇನಿ” ಎಂದಳು ಅವ್ವ.

ಸಾಲದ್ದಕ್ಕೆ ಮರುದಿನ ಹಾನಗಲ್ಲಿನಿಂದ ಇನ್ನೊಂದು ಫೋನು ಬಂತು. ಅಲ್ಲಿ ಅವ್ವನ ದೊಡ್ಡಪ್ಪನ ಮಗಳು ಶಾಂತಕ್ಕ ಇದ್ದಾಳೆ, ನನಗೆ ದೊಡ್ಡವ್ವ. ಮಂದಿಯ ಕಷ್ಟಕ್ಕೆ ಕರೆಯದೆ ಬರುವವಳು, ಬಂದ ಮೇಲೆ ಹೋಗದವಳು. “ನಿನ್ನ ನಡಾ ಜ್ವಾಕಿ ಮಾಡ್ಕೊಳ್ಳ ತಂಗಿ. ಹೆಸರ ಕೂಗೂದರ ಚಿಂತಿ ಬಿಡು. ನಾನೂ ಅತ್ತೀನ ಅಲ್ಲೇನ? ನೀ ಬರದಿದ್ರ ನಾನ ಕೂಗ್ತೇನಿ” ಎಂದು ಅತ್ಯಂತ ಮಮತೆಯಿಂದ ಹೇಳಿದಳು. ಅವ್ವ ಆ ಹೊತ್ತು ಅರ್ಧ ರೊಟ್ಟಿ ಬಿಟ್ಟು ಎದ್ದಳು. ಬರೆದಿಟ್ಟಿದ್ದೇನೆ.

ಅವ್ವನಿಗೆ ಧೈರ್ಯ ಬರಲೆಂದು ಒಂದು ಭಾನುವಾರ ಬಂಕಾಪುರದವರೆಗೆ ಕರೆದುಕೊಂಡು ಹೋಗಿಬರೋಣವೆಂದು ಹೊರಟೆ. ಹೊರಡುವ ಮುಂಚೆ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಿಸಿದೆ. ಅಲ್ಲಿ ‘ಉಚಿತ ಗಾಳಿ’ ಎಂಬ ಫಲಕವಿದೆ. ನನ್ನ ಲೆಕ್ಕದಂತೆ ಹತ್ತೊಂಬತ್ತು ಭೇಟಿಗಳಲ್ಲಿ ಫಲಕ ಹತ್ತೊಂಬತ್ತು ಸಲವೂ ಇತ್ತು, ಗಾಳಿ ನಾಲ್ಕು ಸಲ ಇತ್ತು. ಆ ದಿನ ನಾಲ್ಕರಲ್ಲೊಂದು. ಮೂವತ್ತು ಪೌಂಡು ಹಾಕಿ ಎಂದೆ. ಗಾಳಿ ಹಾಕುವ ಮನುಷ್ಯ ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ಯಾರಾದರೂ ಗಂಡಸರು ಇಳಿಯುತ್ತಾರೇನೋ ಎಂದು ನೋಡಿದ. ಯಾರೂ ಇಳಿಯದಿದ್ದಾಗ ತನ್ನ ಮನಸ್ಸಿಗೆ ಬಂದಷ್ಟು ತುಂಬಿ ಎದ್ದ. ಕೇಳಿದರೆ, “ನಲವತ್ತೈದು ಹೊಡದೇನ್ರಿ. ಕಮ್ಮಿ ಇದ್ರ ಹೆಣ್ಮಕ್ಕಳಿಗೆ ಸ್ಟೇರಿಂಗ ಜಡಾ ಆಗತೈತ್ರಿ” ಎಂದ. ನನ್ನ ತೋಳಿನ ಬಲದ ಬಗ್ಗೆ ಇಷ್ಟು ಕಾಳಜಿಯನ್ನು ನಮ್ಮ ಮನೆಯವರೂ ತೋರಿಸಿಲ್ಲ.

ನಲವತ್ತೈದರ ಗಾಳಿಯಲ್ಲಿ ಕಾರು ಓಡಲಿಲ್ಲ, ಪುಟಿಯಿತು. ರಸ್ತೆಯಲ್ಲಿ ಬಿದ್ದ ಜೋಳದ ಕಾಳೂ ಸೀಟಿನವರೆಗೆ ವರದಿ ಕಳಿಸುತ್ತಿತ್ತು. ಬಂಕಾಪುರದಲ್ಲಿ ಅವ್ವ ಬಾಗಿಲು ತೆರೆದು ಇಳಿದಳು, ನಿಧಾನಕ್ಕೆ ನಡೆದು ನಿಂತಿದ್ದ ಬಸ್ಸು ಹತ್ತಿದಳು. ಶಿಗ್ಗಾಂವಿಯವರೆಗೂ ನಾನು ಆ ಬಸ್ಸಿನ ಹಿಂದೆಯೇ ಖಾಲಿ ಕಾರು ಓಡಿಸಿಕೊಂಡು ಬಂದೆ. ಹಿಂದಿನ ಸೀಟಿನವರಿಗೆಲ್ಲ ಅವ್ವ ನನ್ನನ್ನು ಬೆರಳು ಮಾಡಿ ತೋರಿಸುತ್ತಿದ್ದುದು ಹಿಂಬದಿಯ ಗಾಜಿನಲ್ಲಿ ಕಾಣುತ್ತಿತ್ತು.

ಆಮೇಲೆ ಸಲಹೆಗಳ ಸುಗ್ಗಿ. ಅಪ್ಪ ಹರೆಯದಿಂದ ಟ್ರ್ಯಾಕ್ಟರ್ ಓಡಿಸಿದವರು. ಟೈರಿಗೆ ಚಪ್ಪಲಿಗಾಲಿನಿಂದ ಒಂದು ಒದ್ದು, ತಲೆ ವಾಲಿಸಿ ಸಪ್ಪಳ ಕೇಳಿ, ಬರೋಬ್ಬರಿ ಐತಿ ಅಥವಾ ಇಲ್ಲ ಎಂದು ತೀರ್ಪು ಕೊಡುವುದು ಅವರ ಪದ್ಧತಿ. “ಮೆತ್ತಗ ಬೇಕಂದ್ರ ಗಾಳಿ ಬಿಡು. ತಲಿದಿಂಬ ಕಲ್ಲಾಂಗ ಇದ್ರ ಯಾರರ ಮಲಗ್ತಾರೇನ?” ಎಂದು ತಾವೇ ಬಿಟ್ಟರು. ಕಾರು ಕೆಸರಿನಿಂದ ಎದ್ದ ಎಮ್ಮೆಯಂತೆ ತಿರುವಿನಲ್ಲೆಲ್ಲ ಮೈ ತೂಗತೊಡಗಿತು, ಟೈರಿನ ಅಂಚು ಸವೆಯಿತು. ಕಾಲೇಜಿನ ರಸಾಯನಶಾಸ್ತ್ರದ ಸಹೋದ್ಯೋಗಿ ನೈಟ್ರೋಜನ್ ಹಾಕಿಸಿ ಎಂದರು. ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ನೈಟ್ರೋಜನ್ನೇ ಅಲ್ಲವೇ ಸರ್ ಎಂದೆ. “ಅದು ಪುಕ್ಕಟೆ ಬಂದದ್ದು ಮೇಡಂ, ಅದಕ್ಕ ಕಿಮ್ಮತ್ತಿಲ್ಲ” ಎಂದರು. ಇವರು ಪಾಠ ಮಾಡಿದ ಮಕ್ಕಳಿಗೂ ನಾನೇ ಪಾಠ ಮಾಡಬೇಕು.

ಕೊನೆಗೆ ನಾನು ಒಂದು ಗಾಳಿಮಾಪಕ ತರಿಸಿದೆ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಕಂಬದ ಮೇಲೆ ಕಂಪನಿಯವರು ಅಂಟಿಸಿದ ಚೀಟಿ ಇರುತ್ತದೆ. ಅದರಲ್ಲಿ ಬರೆದಿದ್ದ ಮೂವತ್ತು ಎಂಬ ಅಂಕಿಯನ್ನು ದಿನಚರಿಯ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ಓಡಿದ ಟೈರು ಬಿಸಿಯಾಗಿ ಹೆಚ್ಚು ತೋರಿಸುತ್ತದಾದ್ದರಿಂದ ಬೆಳಿಗ್ಗೆ ಆರೂವರೆಗೆ, ಕಾರು ಕದಲುವ ಮುಂಚೆ, ನಾಲ್ಕೂ ಗಾಲಿಗಳ ಮುಂದೆ ಮಂಡಿಯೂರಿ ಅಳೆಯುತ್ತಿದ್ದೆ. ಎದುರು ಮನೆಯ ನೀಲವ್ವ ಅಂಗಳಕ್ಕೆ ನೀರು ಹೊಡೆಯುತ್ತ, “ಇವತ್ತ ಹೆಂಗೈತ್ರಿ ಬಿಪಿ? ಉಪ್ಪ ಕಮ್ಮಿ ಮಾಡ್ರಿ ಅದಕ್ಕ” ಎನ್ನುತ್ತಿದ್ದಳು. ನಾನು ಮುಂದಿನ ಗಾಲಿಗೆ ಸರಿಯುತ್ತಿದ್ದೆ. ಒಂದು ರಜೆಯ ದಿನ ಒಬ್ಬಳೇ ಹಿರೇಕೆರೂರಿನವರೆಗೆ ಹೋಗಿ ದಾರಿಯ ಹಂಪು, ಅಂದರೆ ರಸ್ತೆಯುಬ್ಬುಗಳನ್ನೂ ಎಣಿಸಿ ಬಂದೆ: ಐವತ್ತೇಳು. ನಮ್ಮಲ್ಲಿ ರಸ್ತೆ ಹಾಕಿಸಿದವರ ಹೆಸರು ಕಲ್ಲಿನಲ್ಲಿ ಕೆತ್ತಿರುತ್ತದೆ. ಹಂಪು ಹಾಕಿಸಿದವರ ಹೆಸರನ್ನು ಯಾವ ಊರಿನವರೂ ಹೇಳುವುದಿಲ್ಲ. ಜೀವದ ಆಸೆ ಎಲ್ಲರಿಗೂ ಇರುತ್ತದೆ.

ಮೂವತ್ತರ ಗಾಳಿಯಲ್ಲಿ ಅವ್ವನನ್ನು ಮತ್ತೆ ಬಂಕಾಪುರಕ್ಕೆ ಕರೆದೊಯ್ದೆ. ಈ ಸಲ ಬಸ್ಸು ಹತ್ತಲಿಲ್ಲ. “ಅಡ್ಡಿಯಿಲ್ಲ” ಎಂದಳು. ಒಬ್ಬ ವಿಜ್ಞಾನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ನಮ್ಮ ಮನೆಯಲ್ಲಿ ಇಲ್ಲ.

ತೊಟ್ಟಿಲ ಕಾರ್ಯದ ದಿನ ಬೆಳಿಗ್ಗೆ ನಾಲ್ಕೂ ಗಾಲಿ ಮೂವತ್ತು, ಕೂದಲಿನಷ್ಟೂ ಆಚೀಚೆ ಇಲ್ಲ. ಅವ್ವ ಹಸಿರು ಇಳಕಲ್ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತಳು. ತೊಟ್ಟಿಲ ಕಾರ್ಯ ಹೆಣ್ಣುಮಕ್ಕಳದು ಎಂದು ಅಪ್ಪ ಉಳಿದರು, ನಾವು ಹೊರಡುವ ಮುಂಚೆ ಒಂದು ಗಾಲಿಗೆ ಒದ್ದು ಹರಸಿದರು. ಹಾನಗಲ್ ಮುಟ್ಟುವವರೆಗೆ ಅವ್ವ ನಾಲ್ಕು ಸಲವಷ್ಟೇ ನರಳಿದ್ದಳು. ನನ್ನ ಎದೆ ಉಬ್ಬಿತ್ತು. ಆಗ ಅವ್ವ ಎತ್ತಲೋ ನೋಡುತ್ತ, “ಶಾಂತಕ್ಕನ ಮನಿ ಮುಂದ ಒಂದ ನಿಮಿಷ ನಿಂದ್ರಸು” ಎಂದಳು.

ಮನೆಯ ಮುಂದೆ ದೊಡ್ಡವ್ವ ನಿಂತಿದ್ದಳು. ಪಕ್ಕದಲ್ಲಿ ದೊಡ್ಡಪ್ಪ, ಅವರ ಪಕ್ಕದಲ್ಲಿ ಸೊಸೆ. ಅವರ ಮುಂದೆ ಒಂದು ಚೀಲ ಅಕ್ಕಿ, ಹೋಳಿಗೆಯ ಬುಟ್ಟಿ, ರೊಟ್ಟಿಯ ಗಂಟು, ಬಿಚ್ಚಿ ಕಟ್ಟಿದ ಕಟ್ಟಿಗೆಯ ತೊಟ್ಟಿಲು.

“ಅವ್ವಾ, ನಾ ಇಬ್ಬರ ಲೆಕ್ಕಕ್ಕ ಗಾಳಿ ಹಾಕೇನಿ” ಎಂದು ಪಿಸುಗುಟ್ಟಿದೆ.

“ಸೀಟ ಖಾಲಿ ಇಟಗೊಂಡ ತವರಿಗೆ ಹೋದ್ರ ಮಂದಿ ಏನಂದಾರು?”

“ಆದರ ಈಕೀನ್ನ ಯಾಕ ಕರದಿ?”

“ಬರ್ಲಿ. ನಾ ಹೆಸರ ಕೂಗೂದ ಆಕಿ ಕಣ್ಣಾರೆ ನೋಡ್ಲಿ.”

ಹಂಪುಗಳನ್ನು ಎಣಿಸಿದ ನಾನು ಬಂಧುಗಳನ್ನು ಎಣಿಸಿರಲಿಲ್ಲ. ನಮ್ಮ ಕಡೆ ಖಾಲಿ ಸೀಟು ಎಂದರೆ ತಾಟಿನಲ್ಲಿ ಬಿಟ್ಟ ಅನ್ನ, ಪಾಪ ತಟ್ಟುತ್ತದೆ. ಇಲ್ಲಿಯೇ ಹುಟ್ಟಿ ಬೆಳೆದವಳಿಗೆ ಇದು ಹೊಳೆಯಲಿಲ್ಲವೆಂದರೆ ಏನು ಹೇಳುವುದು. ಮೂವರೂ ಹಿಂದೆ ಕೂತರು, ಸಾಮಾನೆಲ್ಲ ಡಿಕ್ಕಿಗೆ ಹೋಯಿತು. ಹಿಂದಿನ ಟೈರುಗಳು ಹೊಟ್ಟೆ ಬಿಟ್ಟವು.

ಊರ ಹೊರಗಿನ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯ ದಾವಲಸಾಬ ಮುಪ್ಪಾದ ಮನುಷ್ಯ, ಬೀಡಿ ಆರಿಸಿ ಎದ್ದು ಬಂದ. ಮೂವತ್ತಕ್ಕಿಂತ ಒಂದು ಗೆರೆಯೂ ಕಡಿಮೆಯಾಗಬಾರದು, ಹೆಚ್ಚೂ ಆಗಬಾರದು, ಅವ್ವನ ಬೆನ್ನಿನ ಪ್ರಶ್ನೆ ಎಂದು ನಾನು ಪಾಠ ಶುರು ಮಾಡಿದೆ. ಅವನು ಪೂರ್ತಿ ಕೇಳಿ, “ಮಂದಿ ಎಷ್ಟ ಅದೀರಿ ಮೇಡಮ್ಮಾರ?” ಎಂದ.

“ಐದು ಜನ.”

“ಮತ್ತ ಮೂವತ್ತು ಯಾರ ಹೇಳಿದ್ರು?”

“ಕಂಪನಿಯವರೇ ಬರೆದಾರ” ಎಂದು ದಿನಚರಿಯ ಕೆಂಪು ಶಾಯಿಯನ್ನು ಅವನ ಮೂಗಿಗೆ ಹಿಡಿದೆ. ಅವನು ದಿನಚರಿ ನೋಡಲಿಲ್ಲ. ಚಾಲಕನ ಬಾಗಿಲು ತೆರೆದು ಕಂಬದ ಮೇಲಿನ ಚೀಟಿಯನ್ನು ಹೆಬ್ಬೆರಳಿನಿಂದ ಉಜ್ಜಿದ. ನಾನು ಓದಿದ್ದ ಸಾಲಿನ ಕೆಳಗೆ, ಧೂಳಿನೊಳಗೆ, ಇನ್ನೊಂದು ಸಾಲಿತ್ತು. ಮೇಲಿನ ಸಾಲಿನ ಮುಂದೆ ಇಬ್ಬರು ಮನುಷ್ಯರ ಚಿತ್ರ. ಕೆಳಗಿನ ಸಾಲಿನ ಮುಂದೆ ಐದು ಜನ ಮತ್ತು ಒಂದು ಪೆಟ್ಟಿಗೆ, ಹಿಂದಿನ ಗಾಲಿಗೆ ಮೂವತ್ತಾರು.

“ನನಗ ಇಂಗ್ಲೀಷ್ ಓದಾಕ ಬರಂಗಿಲ್ರಿ” ಎಂದ ದಾವಲಸಾಬ, “ಆದ್ರ ಚಿತ್ರದಾಗ ಮಂದಿ ಎಣಸಾಕ ಬರತೈತಿ.”

ಹನ್ನೊಂದು ವಾರ, ಮುನ್ನೂರ ಎಂಟು ಅಳತೆ, ಎಲ್ಲವೂ ಒಂದೇ ಸಾಲಿನವು. ಹಿಂದಿನ ಸೀಟಿನಿಂದ ದೊಡ್ಡವ್ವ, “ಸಾಲಿ ಕಲಿಸಾಕಿ ಅಂತಾರ್ರೀ ನಮ್ಮ ಹುಡಿಗಿ” ಎಂದು ಅವನಿಗೆ ನನ್ನ ಪರಿಚಯ ಮಾಡಿಕೊಟ್ಟಳು. ಹತ್ತೊಂಬತ್ತು ಸಲ ಬಂಕಿಗೆ ಹೋದಾಗಲೂ ಯಾರೂ ಕೇಳದಿದ್ದ ಪ್ರಶ್ನೆಯನ್ನು ಇವನು ಕೇಳಿದ್ದ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ಮೂವತ್ತಾರು ಹಾಕಿಸಿಕೊಂಡು ಹೊರಟೆ. ಗಾಳಿ ಹೆಚ್ಚಿದೆ, ಅವ್ವ ಈಗ ನರಳುತ್ತಾಳೆ ಎಂದು ಪ್ರತಿ ಹಂಪಿಗೂ ಉಸಿರು ಬಿಗಿಹಿಡಿದೆ. ಕಾರು ಮಾತ್ರ ಭಾರಕ್ಕೆ ತಗ್ಗಿ, ತುಂಬಿದ ದೋಣಿಯಂತೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಿತು. ಖಾಲಿ ಗಾಡಿ ಕುಕ್ಕುತ್ತದೆ, ತುಂಬಿದ್ದು ಕುಕ್ಕುವುದಿಲ್ಲ. ಸ್ಪ್ರಿಂಗಿನ ಈ ಗುಣವನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಕಲಿಸುತ್ತೇನೆ. ಹಂಪುಗಳ ಲೆಕ್ಕ ಇಡುವುದು ಮರೆತು ಪಕ್ಕಕ್ಕೆ ನೋಡಿದರೆ ಅವ್ವ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಹಿರೇಕೆರೂರಿನಲ್ಲಿ ಎದ್ದವಳು ನನ್ನನ್ನು ಹೊಗಳಲಿಲ್ಲ. “ಶಾಂತಕ್ಕ ಕುಂತಿದ್ದಕ್ಕ ಗಾಡಿ ಅಳ್ಳಾಡಲಿಲ್ಲ ನೋಡ” ಎಂದಳು. ತನ್ನ ತೂಕಕ್ಕೆ ಜೀವನದಲ್ಲಿ ಮೊದಲ ಸಲ ಸಿಕ್ಕ ಮರ್ಯಾದೆಗೆ ದೊಡ್ಡವ್ವ ಕರಗಿಹೋದಳು. ಹೆಸರು ಕೂಗುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಮಾವನ ಮನೆಯ ಪಡಸಾಲೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಅವ್ವ ಕೂಸನ್ನು ಎತ್ತಿಕೊಂಡು ತೊಟ್ಟಿಲ ಮುಂದೆ ಬಾಗಿ ನಿಂತಳು. ಆಗ ನನಗೆ ನೆನಪಾಯಿತು. ನಮ್ಮ ಕಡೆ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವಾಗ, ಸುತ್ತ ನಿಂತ ಹೆಂಗಸರೆಲ್ಲ ಸೇರಿ ಆಕೆಯ ಬೆನ್ನಿಗೆ ಗುದ್ದುತ್ತಾರೆ. ಅದೇ ಸಂಪ್ರದಾಯ. ಒಂದು ಡಿಸ್ಕನ್ನು ಉಳಿಸಲು ನಾಲ್ಕು ಟೈರುಗಳನ್ನು ಹನ್ನೊಂದು ವಾರ ಕಾದು, ಅದನ್ನು ಇಪ್ಪತ್ತು ಜನರ ಮುಷ್ಟಿಯ ಕೆಳಗೆ ನಾನೇ ತಂದು ನಿಲ್ಲಿಸಿದ್ದೆ.

“ಆಕೀ ಬೆನ್ನಾಗ ಡಿಸ್ಕ ಜರಗೈತ್ರಿ! ಗುದ್ದಬ್ಯಾಡ್ರಿ!” ಎಂದು ಕೂಗಿದೆ. ಯಾರಿಗೂ ಕೇಳಲಿಲ್ಲ. ಅವ್ವ “ಕುರ್ರ್ರ್ ಗೌರವ್ವಾ” ಎಂದಳು, ಗುದ್ದುಗಳು ಬಿದ್ದವು. ದೊಡ್ಡವ್ವನದಂತೂ ಪಡಸಾಲೆಗೆಲ್ಲ ಕೇಳಿಸಿತು. ಅವ್ವ ಕೂಸನ್ನು ಎದೆಗೆ ಅವಚಿಕೊಂಡು ಬಿದ್ದು ಬಿದ್ದು ನಗುತ್ತಿದ್ದಳು, ಕಣ್ಣಲ್ಲಿ ನೀರು. ನಾನು ಗುಂಪು ಸೀಳಿಕೊಂಡು ಹೋಗಿ, “ಅವ್ವಾ, ನಡಾ?” ಎಂದೆ.

“ಏ, ನಿಂತೇನ ನೋಡ್ತಿ? ನೀನೂ ಒಂದ ಹಾಕ” ಎಂದು ಯಾರೋ ನನ್ನ ಕೈ ಎಳೆದರು. ಜರುಗಿದ ಡಿಸ್ಕು ಯಾವ ಮಟ್ಟದಲ್ಲಿದೆ ಎಂದು ಅಂದಾಜು ಮಾಡಿ, ಅದಕ್ಕೆ ಒಂದು ಗೇಣು ಮೇಲೆ, ಎರಡು ಬೆರಳಿನಿಂದ ಮುಟ್ಟಿದೆ. ಅವ್ವ ಹೊರಳಿ ನೋಡಿದಳು.

“ಇಷ್ಟ ಏನ? ಯಾಕ, ಕೈಯಾಗ ಗಾಳಿ ಕಮ್ಮಿ ಆಗೇತೇನ?”

ಪಡಸಾಲೆ ಹೋ ಎಂದಿತು. ಎರಡನೆಯದನ್ನು ನಾನು ಅಳೆಯದೆ ಹಾಕಿದೆ.