ಇನ್ನು ಹನ್ನೊಂದೇ ದಿನ

ನನಗಂತೂ ಸಾಕುಸಾಕಾಗಿದೆ. ಮೂವತ್ತೊಂದು ವರ್ಷ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕಿ ನಿವೃತ್ತನಾದವನು ನಾನು. ಸಿಗಬೇಕಾದದ್ದು ವಿಶ್ರಾಂತಿ, ಸಿಕ್ಕಿದ್ದು ಟ್ರೆಡ್‌ಮಿಲ್. ಹೊಟ್ಟೆ ಕರಗಿಸುವ ಮಹಾಸಂಕಲ್ಪ ತೊಟ್ಟು, ಮೊದಲ ಕಂತು ಕಟ್ಟಿ ಸಾಲದ ಮೇಲೆ ಮನೆಗೆ ತಂದೆ. ಆರು ದಿನ ನಡೆದೆ. ಏಳನೆಯ ದಿನ ಅದು ನಿಂತಿತು. ರಿಪೇರಿಗೆ ಯಾರೂ ಬರಲಿಲ್ಲ, ನಾನೂ ಕಂತು ನಿಲ್ಲಿಸಿದೆ. ಅಂದಿನಿಂದ ಅದರ ಮೇಲೆ ಬಟ್ಟೆ ಒಣಗುತ್ತಿವೆ. (ಈ ಮನೆಯಲ್ಲಿ ಹೊಸ ಕೆಲಸಕ್ಕೆ ತಕರಾರಿಲ್ಲದೆ ಹೊಂದಿಕೊಂಡದ್ದು ಅದೊಂದೇ.)

ಹೀಗೇ ಮೂರು ವರ್ಷ ಆಗುತ್ತಾ ಬಂತು. ನನ್ನ ಹೆಂಡತಿ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಬೀದಿಯ ತುದಿಯಲ್ಲಿ ಸ್ವಂತ ಅಂಗಡಿ ಇಡಬೇಕೆಂಬುದು ಅವಳ ಬಹುದಿನದ ಆಸೆ. ಬ್ಯಾಂಕಿನವರು ಸಾಲಕ್ಕೆ ಗಂಡನ ಸಹಿಯೂ ಬೇಕು ಎಂದರಂತೆ, ನನ್ನ ಕ್ರೆಡಿಟ್ ವರದಿ ತೆಗೆದು ನೋಡಿದರಂತೆ, ಆಮೇಲೆ ನೀರು ಕುಡೀತೀರಾ ಎಂದು ಅವಳನ್ನು ಕೇಳಿದರಂತೆ.

"ನಿಮ್ಮ ಹೊಟ್ಟೆ ಕರಗಲಿಲ್ಲ, ನನ್ನ ಅಂಗಡಿ ಕರಗಿತು" ಎಂದಳು. "ಆ ಬಾಕಿ ಕಟ್ಟಿಬಿಡಿ."

ಕೆಟ್ಟ ಯಂತ್ರಕ್ಕೆ ಬಿಡಿಗಾಸೂ ಕೊಡೆನೆಂದು ನಾನು ಮೇಲಿನ ಮನೆಯ ವಕೀಲರನ್ನು ಕರೆತಂದೆ.

"ಕೊನೇ ಕಂತು ಕಟ್ಟಿ ಮೂರು ವರ್ಷ ಕಳೆದ್ರೆ ಅವರು ಕೋರ್ಟಿಗೆ ಹೋಗೋಕಾಗಲ್ಲ. ನಿಮಗೆ ಇನ್ನು ಹನ್ನೊಂದೇ ದಿನ" ಎಂದರು ಅವರು. "ಅಷ್ಟರಲ್ಲಿ ಒಂದು ಕಾಸೂ ಕಟ್ಟಬೇಡಿ, ಸಾಲ ಇದೆ ಅಂತ ಎಲ್ಲೂ ಬರೆದು ಸಹಿ ಹಾಕಬೇಡಿ. ಹಾಕಿದ್ರೆ ಮೂರು ವರ್ಷ ಮತ್ತೆ ಮೊದಲಿಂದ ಶುರು."

ವರದಿಯಲ್ಲಿರುವ ಬಾಕಿಯ ಕಲೆಯೂ ಅಂದೇ ಹೋಗುತ್ತದೆಯೇ ಎಂದು ಇವಳು ಕೇಳಿದಳು. ಅದರ ಲೆಕ್ಕವೇ ಬೇರೆ, ಬಾಕಿ ಕಟ್ಟದಿದ್ದರೆ ಅದು ಇನ್ನೂ ಎಷ್ಟೋ ವರ್ಷ ಇರುತ್ತದೆ ಎಂದು ವಕೀಲರು ಮೆಲ್ಲಗೆ ಹೇಳಿದರು.

"ಅಂದ್ರೆ ಇವರು ತಪ್ಪಿಸ್ಕೋತಾರೆ, ನಾನು ಸಿಕ್ಕಿಹಾಕ್ಕೋತೀನಿ" ಎಂದು ಇವಳು ಮತ್ತೆ ಹೊಲಿಗೆಗೆ ಕೂತಳು.

ನಾನು ಮಾತ್ರ ಘೋರ ತಪಸ್ಸಿಗಿಳಿದೆ. ಫೋನನ್ನು ಚಿಂದಿ ಬಟ್ಟೆಯ ಗಂಟಿನಲ್ಲಿ ಹೂತಿಟ್ಟೆ. ಬಾಗಿಲು ತಟ್ಟಿದರೆ ಸ್ನಾನದ ಮನೆ ಸೇರುತ್ತಿದ್ದೆ. (ಒಂದೇ ದಿನ ಐದು ಬಾರಿ ಸ್ನಾನ ಮಾಡಿದ ದಾಖಲೆ ಇದೆ.) ಹೀಗೆ ಒಂಬತ್ತು ದಿನ ಉರುಳಿತು. ಹತ್ತನೆಯ ದಿನ ಸಾಲ ಕೊಟ್ಟವರಿಂದ ಪತ್ರ ಬಂತು. ತುಂಬ ಬೆದರಿಕೆ ಇತ್ತು. ಅದಕ್ಕೆಲ್ಲ ನಾನು ಜಗ್ಗುವವನಲ್ಲ. ಆದರೆ ಕೊನೆಯಲ್ಲಿದ್ದ ಮೊತ್ತದ ಮೇಲೆ ಕಣ್ಣು ಬಿತ್ತು. ಒಂದು ತಿಂಗಳ ಬಡ್ಡಿಯನ್ನು ಎರಡು ಸಲ ಕೂಡಿದ್ದರು!

ಮೂವತ್ತೊಂದು ವರ್ಷದ ರಕ್ತ ಕುದಿಯಿತು. ಕೆಂಪು ಪೆನ್ನು ತೆಗೆದೆ. ಮೊತ್ತ ಹೊಡೆದುಹಾಕಿ, 'ನಾನು ಕೊಡಬೇಕಾದದ್ದು ಇಷ್ಟಲ್ಲ, ಇಷ್ಟು' ಎಂದು ಸರಿಯಾದ ಅಂಕಿ ಬರೆದು, ತಾರೀಖು ಹಾಕಿ, ಪೂರ್ತಿ ಸಹಿ ಮಾಡಿ, ನಕಲು ಇಟ್ಟುಕೊಂಡು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರವಾಯಿತು.

ಈ ಪರಾಕ್ರಮವನ್ನು ಹೆಂಡತಿಗೆ ವರ್ಣಿಸಿದೆ. ಅವಳು ವಕೀಲರನ್ನು ಕರೆದಳು. ಅವರು ನಕಲನ್ನು ಎರಡು ಸಲ ಓದಿ, ಟ್ರೆಡ್‌ಮಿಲ್ ಮೇಲೆ ಒದ್ದೆ ಬಟ್ಟೆಯ ನಡುವೆಯೇ ಕುಸಿದು ಕೂತರು.

"ಸಾಲವನ್ನ ಇಷ್ಟು ಚೊಕ್ಕವಾಗಿ ಒಪ್ಪಿಕೊಂಡವರನ್ನ ನಾನು ನೋಡೇ ಇಲ್ಲ" ಎಂದರು.

ಮರುವಾರ ಹೆಂಡತಿಯೇ ಹೊಸ ಹೊಲಿಗೆ ಯಂತ್ರಕ್ಕೆಂದು ಕೂಡಿಟ್ಟ ಹಣದಿಂದ ಬಾಕಿ ತೀರಿಸಿದಳು. ಬಾಕಿ ಇಲ್ಲವೆಂದು ವರದಿಯಲ್ಲಿ ಬರಲಿ, ಕೆಲವು ತಿಂಗಳು ಬಿಟ್ಟು ಬನ್ನಿ ಎಂದು ಬ್ಯಾಂಕಿನವರು ಹೇಳಿದರು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಅಂದು ಸಂಜೆ ಅವಳು ಅಳತೆ ಪುಸ್ತಕವನ್ನು ನನ್ನ ಮುಂದೆ ಬಿಡಿಸಿಟ್ಟು ಒಳಗೆ ಹೋದಳು. 'ಗಂಡನಿಂದ ಬರಬೇಕಾದದ್ದು' ಎಂಬ ತಲೆಬರಹದ ಕೆಳಗೆ ಬಾಕಿ, ಅಂಚೆ ಖರ್ಚು, ವಕೀಲರ ಕಾಫಿ ಎಲ್ಲ ಇತ್ತು. ಮುಟ್ಟಬಾರದೆಂದು ಕೈ ಕಟ್ಟಿ ಕೂತೆ. ಆದರೆ ಮೊತ್ತದಲ್ಲಿ ನೂರು ಹೆಚ್ಚಾಗಿತ್ತು. ಎಷ್ಟು ಹೊತ್ತು ಸಹಿಸಲಿ? ಹೊಡೆದುಹಾಕಿ, ತಿದ್ದಿ, ತಾರೀಖು ಹಾಕಿ ಸಹಿ ಮಾಡಿದೆ.

ಅವಳು ಬಂದು ಕೆಂಪು ಶಾಯಿಯನ್ನು ಊದಿ ಒಣಗಿಸಿ, ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಆಮೇಲೆ ಮೆಟ್ಟಿಲ ಬಳಿ ನಿಂತು ಮೇಲಿನ ಮನೆಗೆ ಕೇಳಿಸುವಂತೆ ವಿಚಾರಿಸಿದಳು:

"ವಕೀಲರೇ, ಲೆಕ್ಕದಲ್ಲಿ ನಾನು ಮೂರು ವರ್ಷಕ್ಕೊಂದು ತಪ್ಪು ಮಾಡಿದ್ರೆ ಸಾಕಲ್ವಾ?"